ಹುಳಿಗಾಲ

ಬಿಸಿಲು ಸತ್ತ ಮೇಲೇ ನಮ್ಮ ಸುಗ್ಗಿ.
ಅಕ್ಟೋಬರಿನ ಕೊನೆಗೆ
ಹಳೆ ಗಿರಣಿ ಚಿಮಣಿಗಳ ಈ ವುಚ್ ನಗರದ ಮೇಲೆ
ಬೂದು ಮುಚ್ಚಳ ಬಿದ್ದಾಗ
ಬಾಗಿಲಿಗೆ ಹಲಗೆ ತೂಗುಹಾಕುತ್ತೇನೆ:
ಮುಖ ಸುಲಿಸಿಕೊಳ್ಳುವವರು ಬರಬಹುದು.

ಬೇಸಗೆಯಲ್ಲಿ ಬೇಡ. ಸುಲಿದ ಚರ್ಮ ಹಸುಗೂಸು,
ಬಿಸಿಲು ಮುಟ್ಟಿದರೆ ಕಪ್ಪು ಕಲೆ ಕಟ್ಟುತ್ತದೆ.
ಪೋಲೆಂಡಿನ ಉಳಿದವರಿಗೆಲ್ಲ ಚಳಿಗಾಲ,
ನನಗದು ಹುಳಿಗಾಲ.

ಬಾಟಲಿಗಳ ಮೇಲೆ ಆಮ್ಲ ಎಂದಿರುತ್ತದೆ.
ನಾನು ಹುಳಿ ಎನ್ನುತ್ತೇನೆ, ಬಂದವರು ಹೆದರದಿರಲಿ ಎಂದು.
ಇದು ಕಬ್ಬಿನ ಹುಳಿ, ಇದು ಹಾಲಿನದು,
ಇದು ಕಹಿಬಾದಾಮಿಯದು, ಉರಿ ತಾಳದವರಿಗೆ.
ಮೂಲೆಯ ಕಪ್ಪು ಸೀಸೆ ಮಾತ್ರ ಯಾವ ಗಿಡದ್ದೂ ಅಲ್ಲ,
ಯಾವ ಹಸುವಿನದ್ದೂ ಅಲ್ಲ.
ಅದರ ಬಿರಟೆ ತೆಗೆಯುವಾಗ ನಾನೂ ಉಸಿರು ಹಿಡಿಯುತ್ತೇನೆ.

ಬೊಗುಮಿವ ಬಂದದ್ದು ನವೆಂಬರಿನ ಒಂದು ಮಂಗಳವಾರ.
ಅರವತ್ತಾರು. ಒದ್ದೆ ಕೋಟು, ಕೈಯಲ್ಲಿ ಬೀಟ್‌ರೂಟಿನ ಚೀಲ.
ಹಣೆಯ ಗೆರೆ, ಬಾಯಿಯ ಎರಡು ಪಕ್ಕ ಆವರಣ ಚಿಹ್ನೆ,
ಅವು ಎಲ್ಲರ ಮನೆಯಲ್ಲೂ ಇರುವ ಸರಕು.
ಕೆನ್ನೆಯ ಮಾತು ಬೇರೆ: ಗುಳಿ, ಗುಳಿಯೊಳಗೆ ಗುಳಿ,
ನಾದಿದ ಹಿಟ್ಟಿಗೆ ಯಾರೋ ಸಿಟ್ಟಿನಲ್ಲಿ ಬೆರಳೊತ್ತಿದ ಹಾಗೆ.

"ಹದಿನೇಳಕ್ಕೆ ನೂಲಿನ ಗಿರಣಿ ಸೇರಿದೆ.
ಯಂತ್ರದ ಎಣ್ಣೆ ಮಂಜಿನ ಹಾಗೆ ಹಾರುತ್ತಿತ್ತು,
ಒರೆಸಿಕೊಂಡರೆ ಒರೆಸಿದ ಬಟ್ಟೆಯೂ ಎಣ್ಣೆ.
ಮೊಡವೆ ಎದ್ದವು, ಕೀವಾದವು, ಹೋದವು,
ಹೋಗುವಾಗ ಕೂತಿದ್ದ ಜಾಗ ಮಾತ್ರ ಬಿಟ್ಟುಹೋದವು."

ವಯಸ್ಸಿಗೆ ಇದೆಲ್ಲ ಇದ್ದದ್ದೇ ಎಂದು ಶುರುಮಾಡಿದೆ.
ಆಕೆ ಪರ್ಸಿನಿಂದ ಫೋಟೊ ತೆಗೆದಳು:
ಅದೇ ಮೂಗು, ಅದೇ ಹುಬ್ಬು, ಅದೇ ಸೊಟ್ಟ ನಗೆ,
ಕೆನ್ನೆ ಮಾತ್ರ ತಟ್ಟೆಯಷ್ಟು ನುಣುಪು.
"ತೆಯೊದೋಜ್ಯ. ನನಗಿಂತ ಹನ್ನೊಂದು ನಿಮಿಷ ದೊಡ್ಡವಳು.
ಅವಳಿಗೆ ಅಂಚೆ ಕಚೇರಿ ಸಿಕ್ಕಿತು.
ಅಲ್ಲಿ ಹಾರುತ್ತಿದ್ದುದು ಗೋಂದಿನ ವಾಸನೆ, ಅಷ್ಟೆ.
ಆಮೇಲಾಮೇಲೆ ಅಮ್ಮ ಕೂಡ
ಕೆನ್ನೆ ನೋಡಿಯೇ ನಮ್ಮ ಹೆಸರು ಹಿಡಿದಳು."

ಆಗಸ್ಟಿನಲ್ಲಿ ಹೋದಳಂತೆ. ಏನಾಗಿತ್ತು ಎಂದು ನಾನು ಕೇಳಲಿಲ್ಲ.
"ಕನ್ನಡಿಯಲ್ಲಿ ಅರ್ಧ ಬರುತ್ತಾಳೆ,
ಕೆನ್ನೆಯ ಹತ್ತಿರ ಬಂದು ನಿಂತುಬಿಡುತ್ತಾಳೆ.
ಬಾಗಿಲು ತೆಗೆ ಮಾರಾಯ್ತಿ."

ಇದ್ದದ್ದು ಹೇಳಿದೆ:
ಹುಳಿ ಗೆರೆಯನ್ನು ತೆಳು ಮಾಡೀತು, ಮೇಲುಮೇಲಿನ ಗುಳಿ ಎದ್ದೀತು,
ಸೂಜಿ ಚುಚ್ಚಿದಂತೆ ಆಳಕ್ಕಿಳಿದವು ಜಗ್ಗುವುದಿಲ್ಲ.
"ಎಷ್ಟು ಬಿಡುತ್ತದೋ ಅಷ್ಟು," ಎಂದು ಒರಗಿದಳು.
ನನ್ನ ಕೈಯ ಹತ್ತಿಯುಂಡೆ ಕಂಡು ನಕ್ಕಳು:
"ಇದಿನ್ನೂ ನನ್ನ ಬೆನ್ನು ಬಿಟ್ಟಿಲ್ಲ ನೋಡು."

ಹಣೆ, ಮೂಗು, ಗಲ್ಲ. ಕೊನೆಗೆ ಕೆನ್ನೆ.
ಫ್ಯಾನು ಹಿಡಿದು ಎಣಿಸಿದೆ. ಉರಿ ಎಷ್ಟು?
ಹತ್ತಕ್ಕೆ ಆರು, ಎಂದಳು.
ಏಳು.
ಆಮೇಲೆ ಅಂಕಿಯಿಲ್ಲ, ಕುರ್ಚಿಯ ಕೈ ಹಿಡಿದ ಗೆಣ್ಣುಗಳಷ್ಟೆ.
ಮೂರನೆಯ ನಿಮಿಷಕ್ಕೆ ಮುಖದ ಮೇಲೆ
ಬಿಳಿ ಮಂಜು ಕಟ್ಟಿತು, ಹುಲ್ಲಿನ ಮೇಲೆ ಕಟ್ಟುವಂಥದು.
ಹೊರಗೆ ಬರೀ ಮಳೆ.

ನಾಲ್ಕನೆಯ ದಿನ ಫೋನು:
"ಬಾಯಿಯ ಸುತ್ತ ಏಳುತ್ತಿದೆ. ಎಳೆಯಲೇ?"
ಎಳೆಯಬೇಡ, ತಾನಾಗಿ ಬಿಡಲಿ.
"ಗೊತ್ತು. ಒಂದೆಳೆ ಕಿತ್ತರೆ ಇಡೀ ಥಾನು ಕೆಡುತ್ತದೆ,"
ಎಂದು ಇಟ್ಟಳು.

ನಾಲ್ಕು ಸರ್ತಿ ಬಂದಳು.
ಗೆರೆಗಳು ಹಗುರಾದವು. ಗುಳಿಗಳು, ಹೇಳಿದೆನಲ್ಲ, ಕೆಲವು.
ಕೊನೆಯ ದಿನ ಕನ್ನಡಿ ಕೊಟ್ಟೆ. ಕಿಟಕಿಯ ಓರೆ ಬೆಳಕಿನಲ್ಲಿ
ಉಳಿದ ಒಂದೊಂದು ಗುಳಿಯೂ
ತನ್ನ ಪಾಲಿನ ನೆರಳು ಇಟ್ಟುಕೊಂಡು ಕೂತಿತ್ತು.
ಆಕೆ ಮಾತಾಡಲಿಲ್ಲ.
ಏನು ಮಾಡಲೂ ತೋಚದೆ ಬಳೆದೀಪ ಹಾಕಿದೆ,
ಸುತ್ತಲಿಂದಲೂ ಬೆಳಕು ಸುರಿಯುವುದು,
ನೆರಳಿಗೆ ಕಾಲೂರಲು ಜಾಗವಿಲ್ಲ.

"ಓ," ಎಂದಳು.
ಆಮೇಲೆ, ನನಗಲ್ಲ, ಕನ್ನಡಿಗೆ:
"ಸಣ್ಣಗಾಗಿದ್ದೀಯಲ್ಲೇ."

ಐದು ನಿಮಿಷ ಇದನ್ನು ಆರಿಸಬೇಡ ಎಂದಳು.
ಹೊರಗೆ ಮೊಡವೆಯ ಹುಡುಗನೊಬ್ಬ ಕಾಲು ಕುಟ್ಟುತ್ತಿದ್ದ.
ಐದು ಅಂದದ್ದು ಹನ್ನೊಂದಾಯಿತು.
ಕರೆಂಟಿನ ಬಾಬ್ತು ಎಂದು ಹತ್ತು ಜ್ವೋಟಿ ಇಟ್ಟು
ಬೀಟ್‌ರೂಟಿನ ಚೀಲ ಮರೆಯದೆ ಹೊರಟಳು.

ದುಡ್ಡು ತೆಗೆದುಕೊಂಡೆ.
ಮಾರ್ಚ್ ಬಂದಿತ್ತು, ಹುಳಿಗಾಲ ಮುಗಿಯುತ್ತಿತ್ತು.