ಅಂಶ, ಛೇದ

ಜಿಲ್ಲಾ ಕಚೇರಿಯಿಂದ ಕಾಗದ ಬಂದಿದೆ:
ಅರವತ್ತು ಮೇಲ್ಪಟ್ಟ ಹೆಂಗಸರು,
ಸಾವಿರಕ್ಕೆ ಎಷ್ಟು ಸಾವು,
ಎಪ್ಪತ್ತನಾಲ್ಕರಲ್ಲಿ, ಮತ್ತು ಈಗ.
ಶುಕ್ರವಾರದೊಳಗೆ. ಎರಡು ಪ್ರತಿ.

ರೆಕಾರ್ಡು ರೂಮಿನ ಬೀಗಕ್ಕೆ ಎಣ್ಣೆ ಬಿಟ್ಟು
ನಾರೆಪ್ಪ ಕೆಂಪು ಬಟ್ಟೆಯ ಕಟ್ಟು ಬಿಚ್ಚುತ್ತಾನೆ.
ಗೆದ್ದಲು ಅಂಚು ತಿಂದಿದೆ, ಅಂಕಿ ಬಿಟ್ಟಿದೆ.
ಕಿಟಕಿಯಾಚೆ ಶಿಡ್ಲಘಟ್ಟದ ಗಾಳಿ,
ಬೆಂದ ಗೂಡಿನ, ಸತ್ತ ಹುಳುವಿನ ವಾಸನೆ.
ಮೂವತ್ತು ವರ್ಷವಾಯಿತು, ನನ್ನ ಮೂಗಿಗೆ ಹತ್ತುವುದಿಲ್ಲ;
ಹೊಸ ಸಾಹೇಬರು ಬಂದಾಗ ಮಾತ್ರ
ಅವರ ಕರವಸ್ತ್ರ ನೋಡಿ ನೆನಪಾಗುತ್ತದೆ.

ಚಿಕ್ಕಪಿಳ್ಳಮ್ಮ, ಅರವತ್ತು, ಜ್ವರ.
ಆವುಲಮ್ಮ, ಎಪ್ಪತ್ತು, ಮುಪ್ಪು.
ಖುರ್ಷಿದ್ ಬೀ, ಅರವತ್ತು, ದಮ್ಮು.
ಮುನೆಕ್ಕ, ಎಂಬತ್ತು, ಮುಪ್ಪು.
ಪುಟ ಮಗುಚಿದೆ, ಮತ್ತೆ ಮಗುಚಿದೆ.
‘ನೋಡೋ ನಾರೆಪ್ಪ, ಆ ವರ್ಷ ಇಡೀ ತಾಲ್ಲೂಕಿನಲ್ಲಿ
ಅರವತ್ತೇಳಕ್ಕೆ ಒಬ್ಬಳೂ ಸತ್ತಿಲ್ಲ!’
ಎಪ್ಪತ್ತೊಂದಕ್ಕೂ ಇಲ್ಲ.
ಸೊನ್ನೆ ಬರುವ ತನಕ ಉಸಿರು ಹಿಡಿದುಕೊಂಡಿದ್ದು
ಸ್ಟಾಪು ಬಂದ ಕೂಡಲೆ
ಎಲ್ಲರೂ ಒಟ್ಟಿಗೆ ಇಳಿದ ಹಾಗೆ.

ನಗು ಬಂತು. ಆಮೇಲೆ ಆ ಲೆಕ್ಕಿಗ ಕಣ್ಣಿಗೆ ಕಟ್ಟಿದ,
ಸೈಕಲ್ಲಿನಿಂದ ಇಳಿಯದೆ ಒಂದು ಕಾಲು ಜಗಲಿಗೆ ಕೊಟ್ಟು:
‘ಎಷ್ಟಾಗಿತ್ತಪ್ಪ ನಿಮ್ಮಮ್ಮಂಗೆ?’
‘ಪ್ಲೇಗು ಬಂದಾಗ ಕಂಕುಳಾಗಿದ್ಳಂತೆ ಸ್ವಾಮಿ,
ನೀವೇ ಏನಾದ್ರೊಂದು ಹಾಕ್ಕಳಿ.’
ಹಾಕಿಕೊಂಡ.
ಬದುಕೆಲ್ಲ ಯಾರೂ ಕೇಳದ ವಯಸ್ಸನ್ನು
ಚಟ್ಟ ಕಟ್ಟುವ ಗಡಿಬಿಡಿಯಲ್ಲಿ
ಯಾರು ತಾನೇ ಹುಡುಕಿ ಕೊಟ್ಟಾರು.

ಈಗಿನದು ಕಂಪ್ಯೂಟರಿನಲ್ಲಿದೆ, ಅಚ್ಚುಕಟ್ಟು,
ಗಂಟೆ ನಿಮಿಷ ಸಮೇತ ಸಾವು.
ಆದರೆ ಅಜ್ಜಿಯರಲ್ಲಿ ಮುಕ್ಕಾಲು ಪಾಲು ಹುಟ್ಟಿದ್ದು
ಜನವರಿ ಒಂದನೇ ತಾರೀಖು.
ಆಧಾರಿನ ಹುಡುಗನಿಗೆ ಊಟದ ಹೊತ್ತು ಮೀರುತ್ತಿತ್ತು,
ಎಲ್ಲರನ್ನೂ ಒಂದೇ ಬೆಳಗ್ಗೆ ಹೆರಿಸಿಬಿಟ್ಟ.
ಅಷ್ಟು ಜನ ಸೂಲಗಿತ್ತಿಯರು ಎಲ್ಲಿಂದ ಬಂದಿದ್ದರೋ!

ಈ ಊಹೆಯನ್ನು ಆ ಊಹೆಯ ಪಕ್ಕದಲ್ಲಿಟ್ಟು
ಎರಡು ದಶಮಾಂಶದವರೆಗೆ ಭಾಗಿಸಬೇಕು ನಾನು.
ಭಾಗಿಸಿದೆ. ಇಳಿದಿದೆ.
ಅರ್ಧಕ್ಕೂ ಕೆಳಗೆ.

ಸುಳ್ಳೇನಲ್ಲ. ಮಂಗಳವಾರ ಆಸ್ಪತ್ರೆ ಮುಂದೆ ನೋಡಿದ್ದೇನೆ,
ಸೆರಗಿನ ಗಂಟಿನಲ್ಲಿ ಚೀಟಿ,
ಬಿಪಿದು ಬಿಳಿ, ಸಕ್ಕರೆದು ಹಳದಿ ಎಂದು ಬಣ್ಣದ ಗುರುತು,
ಅವರಮ್ಮಂದಿರಿಗೆ ಸಿಗದ ಹತ್ತು ವರ್ಷವನ್ನು
ಮಾತ್ರೆ ಸಾಲಿನಲ್ಲಿ ನಿಂತು
ಹಿಂದಿನವಳನ್ನು ಬೈಯುತ್ತ ಕಳೆಯುತ್ತಾರೆ.

ದಮ್ಮು ಮಾತ್ರ ಇಳಿದಿಲ್ಲ.
ಗೂಡು ಬೇಯಿಸುವ ಹಬೆಯಲ್ಲಿ ನಿಂತವರದು
ಅಂದೂ ಅದೇ, ಇಂದೂ ಅದೇ;
ಕಾಯಿಲೆಯ ಹೆಸರು ಉದ್ದವಾಗಿದೆ.
ಅದಕ್ಕೆ ಬೇರೆ ಕೋಷ್ಟಕ ಕೇಳಿಲ್ಲ,
ಕೇಳದ್ದಕ್ಕೆ ಷರಾ ಬರೆಯುವ ಹಾಗಿಲ್ಲ.
ಪೆನ್ಸಿಲಿನಲ್ಲಿ ಬರೆದೆ.

ಮೇಲೆ ಅಂಶ, ಕೆಳಗೆ ಛೇದ.
ಸತ್ತವರು ಮೇಲೆ, ಇರುವವರು ಕೆಳಗೆ,
ನಡುವೆ ಸ್ಕೇಲಿಟ್ಟು ಎಳೆದ ಗೆರೆ.
ಬರುವ ಜೂನಿಗೆ ನನಗೆ ಅರವತ್ತು.
ಹಾರ, ಒಂದು ಗೋಡೆ ಗಡಿಯಾರ, ಬೋಂಡಾ,
ಮಾರನೆಯ ದಿನ ಸೀದಾ ಛೇದಕ್ಕೆ.
ಆ ಜೂನೂ ಹೆಡ್‌ಮೇಷ್ಟ್ರು ಹಾಕಿದ್ದು;
ನಾನು ಹುಟ್ಟಿದಾಗ ಕಣದಲ್ಲಿ ರಾಗಿ ಒಕ್ಕಣೆ ನಡೆದಿತ್ತು
ಎನ್ನುತ್ತಿದ್ದಳು ಅಮ್ಮ.

ಕಟ್ಟು ಬಿಗಿಯುತ್ತಿದ್ದ ನಾರೆಪ್ಪ ನಿಲ್ಲಿಸಿದ.
‘ನಮ್ಮಜ್ಜಿ ಇದ್ರಾಗೆ ಇಲ್ಲ ಮೇಡಂ.
ಅದೇ ವರ್ಷ ಹೋಗಿದ್ದು. ಯಾರೂ ಬರೆಸ್ಲಿಲ್ಲ.’
ಅಂದರೆ ಅಂದಿನ ದರ ಇನ್ನೂ ಹೆಚ್ಚಿತ್ತು,
ಇಳಿದದ್ದು ಇನ್ನೂ ಆಳಕ್ಕೆ,
ಇಂಥವರು ಇನ್ನೆಷ್ಟು ಮಂದಿಯೋ.
ಅವನಿಗೆ ಇದನ್ನೆಲ್ಲ ಹೇಳಲಿಲ್ಲ. ಕೇಳಿದೆ,
‘ಎಷ್ಟಾಗಿತ್ತೋ ಅವರಿಗೆ?’

ಫ್ಯಾನಿನ ಕಡೆ ನೋಡಿದ. ದಾರದ ತುದಿ ಬೆರಳಿಗೆ ಸುತ್ತಿಕೊಂಡ.
‘ಅರವತ್ತೇಳು
ಅಂತ ಹಾಕ್ಕಳಿ ಮೇಡಂ.’