ಒಂದರಿಂದ ಐದರೊಳಗೆ

ಗ್ಡೀನಿಯಾ ಬಂದರಿನ ಕ್ರೇನಿನಲ್ಲಿ ಮೂವತ್ತು ವರ್ಷ
ಬಗ್ಗಿ ಕೂತು ಬಗ್ಗಿಯೇ ಹೋದ ಬೆನ್ನು ಬೊಗುಮಿಲಾಳದು.
ಶಾಲೆಯ ಜಿಮ್ಮಿನಲ್ಲಿ, ಬಾಸ್ಕೆಟ್‌ಬಾಲ್ ಬಳೆಯ ಕೆಳಗೆ
ಮಂಗಳವಾರ ಮಂಗಳವಾರ ಚಾಪೆ ಹಾಸಿ
ಈಗ ಇಪ್ಪತ್ತೆರಡು ಚಳಿಗಾಲ.

ಸಂಶೋಧನೆಯ ಹುಡುಗ ಫಾರಂ ಕೊಟ್ಟಿದ್ದಾನೆ:
ನಿಮ್ಮ ಕ್ಷೇಮ, ಒಂದರಿಂದ ಐದರೊಳಗೆ ಗುರುತು ಹಾಕಿ.

ಮಂಡಿ? ಮೊದಲಿನ ಹಾಗೇ ಕಟಕಟ.
ತಂಗಿಯ ಮೇಲಿನ ಸಿಟ್ಟು? ಇದೆ;
ನಾಲಗೆಗೆ ಬರುವ ಮುಂಚೆ ಮಾತ್ರ
ಒಂದು ಉಸಿರಿನಷ್ಟು ಹೊತ್ತು ಜಗಲಿಯಲ್ಲಿ ಕೂರುತ್ತದೆ.
ಕಾಲುಗುರು ತಾನೇ ಕತ್ತರಿಸಿಕೊಳ್ಳುತ್ತಾಳೆ,
ಇದಕ್ಕೆಷ್ಟು ಅಂಕ?

ಫೆಬ್ರವರಿಯಲ್ಲಿ ಹಿಮಗಟ್ಟಿದ ರಸ್ತೆಯಲ್ಲಿ ಜಾರಿದಳು.
ಆಲೂಗಡ್ಡೆ ದಿಕ್ಕಾಪಾಲು.
ಬೀಳುವುದನ್ನು ಮೈ ಯಾವಾಗ ಕಲಿತಿತ್ತೋ,
ಮೆತ್ತಗೆ ಬಿತ್ತು, ಮಗು ಬಿದ್ದ ಹಾಗೆ.
ಅಂಗೈ ಮೇಲಕ್ಕೆ, ಪಾದ ಹೊರಕ್ಕೆ ಹೊರಳಿ
ಬಿದ್ದಲ್ಲೇ ಮಲಗಿ ನೋಡಿದಳು:
ಕಡಲಕ್ಕಿಗಳು, ಅವುಗಳಾಚೆ ತನ್ನ ಹಳೆಯ ಕ್ರೇನು.
ಇಷ್ಟು ಕೆಳಗಿನಿಂದ ಎಂದೂ ನೋಡಿರಲಿಲ್ಲ ಅದನ್ನು.

"ಸತ್ತೇಹೋದಳು!" ಎಂದು ಓಡಿಬಂದರು ಯಾರೋ.
"ಇಲ್ಲಪ್ಪ, ಶವಾಸನ,"
ನಗು ತಡೆಯಲಾಗಲಿಲ್ಲ.

ಫಾರಮ್ಮಿನಲ್ಲಿ ಆ ನಗುವಿಗೆ ಮನೆಯಿಲ್ಲ.
ಮೂರಕ್ಕೆ ಸುತ್ತು ಹಾಕಿ ಪೆನ್ನು ಕೆಳಗಿಟ್ಟು
ಕಾಲುಚೀಲ ಏರಿಸಿಕೊಂಡಳು,
ಗೋಡೆ ಹಿಡಿಯದೆ,
ಒಂಟಿಕಾಲಲ್ಲಿ ನಿಂತು.