ಅಂದವಾಗಿ ಬೆರಳಚ್ಚು ಮಾಡಿಕೊಟ್ಟ

ಶಂಕರಘಟ್ಟದಲ್ಲಿ ನನಗೆ ಇರುವುದು ಎರಡೇ ಕಾಲ:
ಥೀಸಿಸ್ ಕೊಡುವ ಕಾಲ, ಕೊಟ್ಟು ಮುಗಿದ ಕಾಲ.
ಮೊದಲನೆಯದರಲ್ಲಿ ಅಂಗಡಿ ಮುಂದೆ ಚಪ್ಪಲಿ ರಾಶಿ.
ಎರಡನೆಯದರಲ್ಲಿ ನಾಯಿಯೂ ಇರುವುದಿಲ್ಲ,
ಹಾಸ್ಟೆಲ್ ಮೆಸ್ಸು ಮುಚ್ಚಿದ ಮಾರನೇ ದಿನವೇ ಅವು
ಬಿಆರ್‌ಪಿ ಕಡೆಯ ಮೀನಿನಂಗಡಿಗೆ ವರ್ಗವಾಗುತ್ತವೆ.
ಕೊನೇ ಬಸ್ಸಿನ ಕಂಡಕ್ಟರು ಅಭ್ಯಾಸಬಲದಿಂದ
ಖಾಲಿ ಸೀಟುಗಳನ್ನು ಕೇಳುತ್ತಾನೆ, ಯಾರ್ರೀ ಟಿಕೆಟು.

ನಾನು ಓದಿದ್ದು ಪಿಯುಸಿ, ಅದೂ ಇತಿಹಾಸದಲ್ಲಿ ಡುಮ್ಕಿ.
ಈ ಬೆರಳುಗಳು ಮಾತ್ರ ಅರವತ್ತೆರಡು ಪಿಎಚ್‌ಡಿ ಮಾಡಿವೆ.
ಕಪ್ಪೆಗಳ ಮೇಲೆ ನಾಲ್ಕು, ಸಹಕಾರ ಸಂಘಗಳ ಮೇಲೆ ಒಂಬತ್ತು,
ವಚನಗಳ ಮೇಲೆ ಎಷ್ಟೋ, ಲೆಕ್ಕ ಬಿಟ್ಟಿದ್ದೇನೆ.
"ಒಟ್ಟಾರೆಯಾಗಿ", "ಎಂಬುದು ಇಲ್ಲಿ ಗಮನಾರ್ಹ",
ಇವಕ್ಕೆಲ್ಲ ಶಾರ್ಟ್‌ಕಟ್ ಕೀ ಇಟ್ಟುಕೊಂಡಿದ್ದೇನೆ.

ನನಗಿಷ್ಟ ಕೃತಜ್ಞತೆಗಳ ಪುಟ.
ಯಾರು ಯಾರ ಪಾದಕ್ಕೆ ಎಷ್ಟು ಸಾಲು ಬಗ್ಗಿದರು,
ಕರಡಿನಲ್ಲಿದ್ದ ಯಾವ ಹೆಸರು ಅಂತಿಮದಲ್ಲಿಲ್ಲ.
"ಸದಾ ಜೊತೆಗಿದ್ದ ಗೆಳತಿ" ಎಂಬಲ್ಲಿ ಬೆರಳಿಟ್ಟು
ಇದನ್ನ ತೆಗೆದುಬಿಡಿ ಅಕ್ಕ ಅಂದಿದ್ದ ಒಬ್ಬ, ಗೋಡೆ ನೋಡುತ್ತ.
ಕೇಳಲಿಲ್ಲ. ಹೊಡೆಯಲು ಪುಟಕ್ಕೆ ಹದಿನೈದು ರೂಪಾಯಿ,
ಅಳಿಸುವುದು ಫ್ರೀ.
ತೀರಾ ಕೊನೆಗೆ, ಬೈಂಡಿಂಗಿನವನಿಗಿಂತ ಒಂದು ಸಾಲು ಮೇಲೆ, ನಾನು:
"ಅಂದವಾಗಿ ಬೆರಳಚ್ಚು ಮಾಡಿಕೊಟ್ಟ ಶ್ರೀಮತಿ ಗುತ್ಯಮ್ಮ ಅವರಿಗೆ."
ಆ ಸಾಲನ್ನೂ ನಾನೇ ಹೊಡೆಯಬೇಕು, ನಾನೇ ತಿದ್ದಬೇಕು.
ಕೃತಜ್ಞತೆ ಹೇಳುವವರು ಅಷ್ಟೊತ್ತಿಗೆ
ಟೀ ಕುಡಿಯಲು ಹೋಗಿರುತ್ತಾರೆ.

ಈ ಸಲ ಹಡಗಲಿ ಕಡೆಯ ಹುಡುಗ, ಕೊಟ್ರೇಶ.
ಹಿನ್ನೀರಿನಡಿಗೆ ಹೋದ ಊರುಗಳ ಮಾತು ಅವನ ವಿಷಯ.
ಎರಡು ವರ್ಷ ನಮ್ಮ ಜಗಲಿಗೇ ಬಂದು
ಅವ್ವನ ಮೊಣಕಾಲ ಹತ್ತಿರ ಮೊಬೈಲು ಇಟ್ಟು ಕೂರುತ್ತಿದ್ದ,
ಮಂಡಕ್ಕಿ ಕೊಟ್ಟವಳು ನಾನೇ, ಎಲ್ಲ ಗೊತ್ತು.
ಆದರೂ ಅನುಬಂಧ ಎರಡರಲ್ಲಿ, ವಕ್ತೃಗಳ ಪಟ್ಟಿಯಲ್ಲಿ,
ಸುಮ್ಮನೆ ಹೊಡೆಯುತ್ತ ಹೋಗಿ ತಡೆದು ನಿಂತೆ:

ಹದಿನಾಲ್ಕು. ಹೆಸರು, ದ್ಯಾವಮ್ಮ. ವಯಸ್ಸು, ಎಪ್ಪತ್ತೊಂಬತ್ತು.
ಹುಟ್ಟಿದ ಊರು, ಮುಳುಗಡೆ.
ವಿದ್ಯಾಭ್ಯಾಸ, ಇಲ್ಲ.

ಕರ್ಸರು ಆ "ಇಲ್ಲ"ದ ಪಕ್ಕ ಮಿಟುಕುತ್ತಿತ್ತು.
ಅರವತ್ತೆರಡರಲ್ಲೂ ನಾನು ಕಾಗುಣಿತ ಬಿಟ್ಟು ಏನನ್ನೂ ಮುಟ್ಟಿದವಳಲ್ಲ.
ಇದನ್ನೂ ಮುಟ್ಟಲಿಲ್ಲ.
ನುಡಿಯಿಂದ ಯೂನಿಕೋಡಿಗೆ ದಾಟಿಸುವಾಗ
ಎಂದಿನಂತೆ ಒತ್ತಕ್ಷರಗಳು ಉದುರಿದವು,
ನೋಡಿದರೆ ಅವ್ವ "ದಾವಮ" ಆಗಿ ಕೂತಿದ್ದಳು.
ಯಕಾರದ ಒತ್ತು ಹುಡುಕಿ ತಂದೆ, ಮಕಾರದ ಒತ್ತು ತಂದೆ,
ಸೆರಗು ಸರಿಮಾಡಿದ ಹಾಗೆ ಕೂರಿಸಿದೆ.

ಪದಕೋಶ ಬಂತು. ಕಂಡಿ, ಮಡು, ಹರಿಗೋಲು.
"ಕಡವು: ಹೊಳೆ ದಾಟುವ ಜಾಗ. ಈಗ ಬಳಕೆಯಲ್ಲಿಲ್ಲ."

ಫೋನು ಮಾಡಿದೆ. ಕೊಟ್ರೇಶ, ಬಳಕೆಯಲ್ಲಿದೆ ಕಣೋ,
ನಮ್ಮನೇಲಿ ದಿನಾ ಸಂಜೆ ಇದೆ.
ಆ ಕಡೆ ಬಸ್ಸಿನ ಹಾರನ್ನು, ಯಾರದೋ ನಗು, ಆಮೇಲೆ ಅವನು:
ಅಕ್ಕ, ಗೈಡ್ ಸೈನ್ ಆಗಿದೆ. ಬಿಡಿ.
ಬಿಟ್ಟೆ. ಆರು ಪ್ರತಿ. ಮೆರೂನ್ ರಟ್ಟು, ಚಿನ್ನದ ಅಕ್ಷರ.

ಇವತ್ತು ಅಡ್ಮಿಷನ್ನು ಶುರು.
ಗೇಟಿನೆದುರು ಬಸ್ಸು ನಿಂತು ಹುಡುಗ ಹುಡುಗಿಯರನ್ನು
ಟ್ರಂಕು, ಬಕೆಟ್ಟು, ಮಡಿಚಿದ ಹಾಸಿಗೆ ಸಮೇತ ಸುರಿಯಿತು.
ಇಳಿದವರು ಎಲ್ಲರೂ ಮಾಡುವಂತೆ
ಯಾವ ಕಡೆ ಎಂದು ತಿಳಿಯದೆ ಒಂದು ಗಳಿಗೆ ನಿಂತರು.
ಜಗಲಿಯಿಂದ ಅವ್ವ, ಕಣ್ಣಿಗೆ ಕೈ ಅಡ್ಡ ಹಿಡಿದು:
ಕಡವಿಗೆ ಜನ ಬಂದ್ರೇನೆ?

ಬಂದ್ರು ಅವ್ವ.
ಈ ವರ್ಷ ಎಂಕಾಂನವರೇ ಜಾಸ್ತಿ.